ಅರ್ಲಿಸ್ ಪೊಕಾರ್ನಿ ಕಲಿತ ಅರ್ಧ ಭಾಷೆ

ನೆಬ್ರಾಸ್ಕಾದ ಲಾರ್ಕಿನ್ ಊರಿನ ಮೂರನೇ ಬೀದಿ ಶಾಲೆಯ ಆಫೀಸಿನಲ್ಲಿ ಅರ್ಲಿಸ್ ಪೊಕಾರ್ನಿ ಮೂವತ್ತೊಂದು ವರ್ಷ ಕೆಲಸ ಮಾಡಿದಳು. ಹೆಸರಿಗೆ ಸೆಕ್ರೆಟರಿ. ಹಾಜರಿ ಬರೆಯುವುದು, ಜ್ವರ ಬಂದ ಮಕ್ಕಳನ್ನು ಮಂಚದ ಮೇಲೆ ಮಲಗಿಸುವುದು, ತಡವಾಗಿ ಬಂದವರಿಗೆ ಚೀಟಿ ಕೊಡುವುದು, ಬೀಗದ ಕೈ ಕಳೆದುಕೊಂಡ ಮೇಷ್ಟರಿಗೆ ಬುದ್ಧಿ ಹೇಳುವುದು ಎಲ್ಲವೂ ಅವಳ ಪಾಲಿನದು. ಅವಳ ಕಾಲದಲ್ಲಿ ಮೂವರು ಪ್ರಿನ್ಸಿಪಾಲರು ಬಂದುಹೋದರು. ಹೊಸಬರು ಬಂದಾಗಲೆಲ್ಲ ಶಾಲೆ ಹೇಗೆ ನಡೆಯುತ್ತದೆ ಎಂದು ಅವಳಿಂದಲೇ ಕಲಿತರು. ಇದು ಅವಳಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಊರ ಹೊರಗಿನ ಮಾಂಸದ ಕಾರ್ಖಾನೆ ಎರಡನೇ ಪಾಳಿ ಆರಂಭಿಸಿದ ಮೇಲೆ ಹಾಜರಿ ಪುಸ್ತಕದ ಹೆಸರುಗಳು ಬದಲಾದವು. ನೊವೊತ್ನಿ, ಶ್ರೋಡರ್‌ಗಳ ನಡುವೆ ಮೆಕ್ಸಿಕೋ ಕಡೆಯ ಸೆಪುಲ್ವೆದಾ, ವಿಯಸೆನ್ಯೋರ್‌ಗಳು ಬಂದರು. ಮಕ್ಕಳು ಆರು ತಿಂಗಳಲ್ಲಿ ಇಂಗ್ಲಿಷ್ ಕಲಿತರು. ತಾಯಂದಿರಿಗೆ ಅಷ್ಟು ಬಿಡುವಿರಲಿಲ್ಲ. ಆದ್ದರಿಂದ ತಾಯಿ ಕೌಂಟರಿಗೆ ಬಂದರೆ ಮಗುವನ್ನು ಕ್ಲಾಸಿನಿಂದ ಕರೆಸುವುದು ರೂಢಿಯಾಯಿತು. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ತಮ್ಮನ ತಲೆಯಲ್ಲಿ ಹೇನಿದೆ, ಮನೆಗೆ ಕರೆದುಕೊಂಡು ಹೋಗಬೇಕು ಎಂದು ತಾನೇ ತಾಯಿಗೆ ಹೇಳಬೇಕಾಗುತ್ತಿತ್ತು. ಇದು ಸರಿಯಲ್ಲವೆಂದು ಎಲ್ಲರಿಗೂ ಅನ್ನಿಸುತ್ತಿತ್ತು. ಆದರೂ ಎಲ್ಲರೂ ಅದನ್ನೇ ಮಾಡುತ್ತಿದ್ದರು.

ಹೀಗೆ ಕರೆಸಿಕೊಳ್ಳುತ್ತಿದ್ದವರಲ್ಲಿ ಅರ್ಲಿಸ್‌ಗೆ ಮೆಚ್ಚಿನವಳು ಐದನೇ ಕ್ಲಾಸಿನ ನೊಯೆಮಿ ವಿಯಸೆನ್ಯೋರ್. ಉಳಿದ ಮಕ್ಕಳು ಬೈಗುಳವನ್ನು ಮೆತ್ತಗೆ ಮಾಡಿಯೋ, ಅರ್ಧ ನುಂಗಿಯೋ ಹೇಳುತ್ತಿದ್ದರು. ನೊಯೆಮಿ ಹಾಗಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತು, ಹೇಳಿದ್ದನ್ನು ಹೇಳಿದ ಹಾಗೇ ದಾಟಿಸುತ್ತಿದ್ದಳು. ಲೆಕ್ಕದಲ್ಲಿಯೂ ಅವಳು ಹಾಗೆಯೇ. ಆ ವರ್ಷ ಊರಿನ ಮೂರು ಶಾಲೆಗಳಿಂದ ಆರು ಮಕ್ಕಳನ್ನು ಆರಿಸಿ, ಹೊಸ ವರ್ಷದಿಂದ ಪ್ರತಿ ಮಧ್ಯಾಹ್ನ ದೊಡ್ಡ ಶಾಲೆಗೆ ಕರೆದೊಯ್ದು ಮುಂದಿನ ಗಣಿತ ಕಲಿಸುವುದೆಂದು ಗೊತ್ತಾಗಿತ್ತು. ಮೂರನೇ ಬೀದಿ ಶಾಲೆಯಿಂದ ಆಯ್ಕೆಯಾದ ಒಂದೇ ಹೆಸರು ನೊಯೆಮಿಯದು. ಆ ಪಟ್ಟಿಯನ್ನು ಟೈಪು ಮಾಡಿದವಳು ಅರ್ಲಿಸ್.

ಅದೇ ವರ್ಷ, ಅಂದರೆ ತೊಂಬತ್ತೆಂಟರ ಸೆಪ್ಟೆಂಬರಿನಲ್ಲಿ, ಶಾಲಾ ಮಂಡಳಿಯಿಂದ ಒಂದು ಸುತ್ತೋಲೆ ಬಂತು. ಆಫೀಸಿನವರು, ಅಡುಗೆಯವರು, ಬಸ್ಸಿನವರು, ಮೇಷ್ಟರುಗಳು ಎಂಟು ವಾರ ಕೆಲಸಕ್ಕೆ ಬೇಕಾದಷ್ಟು ಸ್ಪ್ಯಾನಿಷ್ ಕಲಿಯಬೇಕು. ಮಂಗಳವಾರ ಮೂರೂವರೆಗೆ ಲೈಬ್ರರಿಯಲ್ಲಿ ಪಾಠ. ಕಲಿಸಲು ಬಂದವಳು ಟ್ರೀನಿ ಆರ್ಮೆಂದಾರಿಸ್. ಪಶ್ಚಿಮದ ಬೀಟ್‌ರೂಟ್ ಹೊಲಗಳಲ್ಲಿ ಕಳೆ ಕಿತ್ತು ಬೆಳೆದವಳು, ಆಮೇಲೆ ಓದಿ ಟೀಚರಾದವಳು. ಅವಳು ಎಲ್ಲರಿಗೂ ಬಳೆಯಂಥ ಒಂದು ಉಂಗುರಕ್ಕೆ ಪೋಣಿಸಿದ ಪ್ಲಾಸ್ಟಿಕ್ ಹೊದಿಕೆಯ ಕಾರ್ಡುಗಳನ್ನು ಹಂಚಿದಳು. ಎಲ್ಲಿ ನೋವು, ಇಲ್ಲಿ ಸಹಿ ಮಾಡಿ, ಮಗುವಿಗೆ ಜ್ವರ ಬಂದಿದೆ, ನಾಳೆ ರಜೆ, ಏನೂ ತೊಂದರೆ ಇಲ್ಲ, ಬಂದದ್ದಕ್ಕೆ ವಂದನೆ. ಒಟ್ಟು ನೂರ ಇಪ್ಪತ್ತು ವಾಕ್ಯ.

ಅಡುಗೆಮನೆಯ ಬರ್ನೀಸ್ ಮೊದಲ ದಿನವೇ ಕಾರ್ಡುಗಳನ್ನು ತೂಗಿ ನೋಡಿದಳು.

"ಇದರಲ್ಲಿ 'ತಟ್ಟೆಯಲ್ಲಿರೋ ಬಟಾಣಿ ತಿನ್ನೋ' ಅನ್ನೋದೇ ಇಲ್ವಲ್ಲ. ನನಗೆ ಬೇಕಾಗಿರೋದು ಅದೊಂದೇ ಕಣಮ್ಮ."

"ಇಂಗ್ಲಿಷಲ್ಲಿ ಹೇಳಿದ್ರೆ ತಿಂತಾರಾ?" ಎಂದಳು ಟ್ರೀನಿ.

"ಎಲ್ಲಿ ತಿಂತಾರೆ."

"ಹಾಗಾದ್ರೆ ಸ್ಪ್ಯಾನಿಷಲ್ಲೂ ತಿನ್ನಲ್ಲ, ಬಿಡಿ."

ಅರ್ಲಿಸ್ ಮಾತ್ರ ನಗದೆ ಕಾರ್ಡುಗಳನ್ನು ಬಾಯಿಪಾಠ ಮಾಡಿದಳು. ಅವಳ ಅಜ್ಜಿಯ ಕಾಲದಲ್ಲಿ ಮನೆಯಲ್ಲಿ ಚೆಕ್ ಭಾಷೆ ನಡೆಯುತ್ತಿತ್ತು. ಅವಳ ಪಾಲಿಗೆ ಉಳಿದದ್ದು ಕೊಲಾಚಿ ಎಂಬ ಹಣ್ಣಿನ ಬನ್ನಿನ ಹೆಸರು ಮತ್ತು ಎರಡು ಬೈಗುಳ. ಇನ್ನೊಂದು ಭಾಷೆ ತನಗೂ ಬರುತ್ತದೆ ಎಂಬುದು ಐವತ್ತರ ಹತ್ತಿರ ಸಿಕ್ಕ ಹಿಗ್ಗು. ಉಚ್ಚಾರ ಚೆನ್ನಾಗಿತ್ತು. ನಾಲ್ಕನೇ ವಾರದ ಹೊತ್ತಿಗೆ ಟ್ರೀನಿ ಅವಳನ್ನೇ ಎದ್ದು ನಿಲ್ಲಿಸಿ ಓದಿಸತೊಡಗಿದಳು.

ಕೊನೆಯ ದಿನ ಟ್ರೀನಿ ಎಲ್ಲರಿಗೂ ಒಂದು ಮಾತು ಹೇಳಿದಳು.

"ನೋಡಿ, ನಾನು ನಿಮಗೆ ಕಲಿಸಿದ್ದು ಪ್ರಶ್ನೆ ಕೇಳೋದನ್ನ. ಅವರು ಕೊಡೋ ಉತ್ತರ ಎಂಟು ವಾರದಲ್ಲಿ ಬರಲ್ಲ, ಎಂಟು ವರ್ಷ ಬೇಕು. ನೀವು ಚೆನ್ನಾಗಿ ಮಾತಾಡಿದಷ್ಟೂ ಅವರು ಜೋರಾಗಿ ಶುರು ಮಾಡ್ತಾರೆ. ಆಗ ಕೈ ಎತ್ತಿ ನಿಲ್ಲಿಸಿ. 'ನನಗೆ ಅರ್ಥವಾಗಲಿಲ್ಲ, ನಿಧಾನ' ಅನ್ನಿ. ಕಾರ್ಡಿನ ಮೊದಲನೇ ವಾಕ್ಯವೇ ಅದು. ನಾಚಿಕೆಪಡಬೇಡಿ."

"ಅರ್ಲಿಸ್‌ಗೆ ಅದು ಬೇಕಾಗಲ್ಲ ಬಿಡಿ," ಎಂದ ಪ್ರಿನ್ಸಿಪಾಲ ಲೈಲ್ ಬ್ರಾಂಟ್. "ಅವರು ಆಗಲೇ ಅಲ್ಲಿಯವರ ಹಾಗೇ ಮಾತಾಡ್ತಾರೆ."

ಮಾರನೆಯ ವಾರ ಮಂಡಳಿಯವರು ಪ್ರಮಾಣಪತ್ರದ ಜೊತೆ ಒಂದು ಬೋರ್ಡು ಕಳಿಸಿದರು. ಇಲ್ಲಿ ಸ್ಪ್ಯಾನಿಷ್ ಮಾತಾಡುತ್ತೇವೆ ಎಂದು ಅದರ ಮೇಲೆ ಅದೇ ಭಾಷೆಯಲ್ಲಿ ಬರೆದಿತ್ತು. ಅರ್ಲಿಸ್ ಅದನ್ನು ಕೌಂಟರಿನ ಮೇಲೆ, ಗಂಟೆಯ ಪಕ್ಕ ಇಟ್ಟಳು. ಒಂದು ಸಲ ಒರೆಸಿ, ನೇರ ಮಾಡಿದಳು.

ಬೋರ್ಡು ಕೆಲಸ ಮಾಡಿತು. ಡಿಸೆಂಬರಿನ ಮೊದಲ ವಾರ ನೊಯೆಮಿಯ ತಾಯಿ ಎರ್ಮೀನಿಯಾ ಮಗಳನ್ನು ಕರೆಸಿ ಎನ್ನದೆ ತಾನೊಬ್ಬಳೇ ಕೌಂಟರಿಗೆ ಬಂದಳು. ಸೊಂಟದ ಮೇಲೆ ಕೆಲವೇ ತಿಂಗಳ ಗಂಡುಕೂಸು. ಬೋರ್ಡು ನೋಡಿದಳು, ಅರ್ಲಿಸ್‌ಳನ್ನು ನೋಡಿದಳು. ಅರ್ಲಿಸ್ ಅವಳ ಭಾಷೆಯಲ್ಲೇ ನಮಸ್ಕಾರ ಹೇಳಿ, ನನ್ನಿಂದ ಏನಾಗಬೇಕು ಎಂದು ಕೇಳಿದಳು. ಎರ್ಮೀನಿಯಾಳ ಮುಖ ಅರಳಿತು. ಮಗಳ ಬಾಯಿಂದಲ್ಲದೆ ತನ್ನ ಬಾಯಿಂದಲೇ ಮಾತಾಡುವ ಅವಕಾಶ ಈ ಕಟ್ಟಡದಲ್ಲಿ ಅವಳಿಗೆ ಸಿಕ್ಕಿದ್ದು ಅದೇ ಮೊದಲು. ಅವಳು ಮಾತಾಡಿದಳು. ಎರಡು ನಿಮಿಷ, ಮೂರು ನಿಮಿಷ. ಕೂಸನ್ನು ತೋರಿಸಿದಳು, ತನ್ನ ಕಣ್ಣು ಮುಟ್ಟಿ ತೋರಿಸಿದಳು, ಒಂದು ಸಲ ನಕ್ಕಳು.

ಅರ್ಲಿಸ್‌ಗೆ ಸಿಕ್ಕಿದ್ದು ಮೂರು ಪದ: ಅಮ್ಮ, ಡಿಸೆಂಬರ್, ಲೆಕ್ಕ. ಹಿಂದೆ ನಾಲ್ಕು ಜನ ನಿಂತಿದ್ದರು. ಬಸ್ಸಿನವನೊಬ್ಬ ಕೀಲಿ ಅಲ್ಲಾಡಿಸುತ್ತಿದ್ದ. ಪಕ್ಕದ ಬಾಗಿಲಲ್ಲಿ ಬ್ರಾಂಟ್ ಕಾಫಿ ಲೋಟ ಹಿಡಿದು, ನಮ್ಮ ಅರ್ಲಿಸ್ ನೋಡಿ ಎಂಬ ಮುಖ ಮಾಡಿ ನಿಂತಿದ್ದ. ಕೈ ಎತ್ತಿ ನಿಲ್ಲಿಸಲು ಅವಳಿಗೆ ಆಗಲಿಲ್ಲ. ನೊಯೆಮಿಯನ್ನು ಕರೆಸಬಹುದಿತ್ತು, ಕ್ಲಾಸು ಇಪ್ಪತ್ತು ಹೆಜ್ಜೆ ದೂರ. ಬೋರ್ಡು ಇಟ್ಟ ಎರಡು ವಾರಕ್ಕೇ ಮಗುವನ್ನು ಕರೆಸುವುದೆಂದರೆ ಹೇಗೆ? ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಅಜ್ಜಿ ಬರುತ್ತಾಳೆ ಎಂದೇನೋ ಹೇಳುತ್ತಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಎರ್ಮೀನಿಯಾ ಮಾತು ಮುಗಿಸಿ ಒಂದು ಪ್ರಶ್ನೆ ಕೇಳಿದಳು. ಪ್ರಶ್ನೆ ಎನ್ನುವುದು ಸ್ವರದಲ್ಲೇ ತಿಳಿಯುತ್ತಿತ್ತು.

"ಹೌದು, ಹೌದು. ಏನೂ ತೊಂದರೆ ಇಲ್ಲ. ಬಂದದ್ದಕ್ಕೆ ವಂದನೆ," ಎಂದಳು ಅರ್ಲಿಸ್, ಶುದ್ಧ ಸ್ಪ್ಯಾನಿಷಿನಲ್ಲಿ.

ಎರ್ಮೀನಿಯಾ ಅವಳ ಕೈಯನ್ನು ಎರಡೂ ಕೈಯಿಂದ ಹಿಡಿದು ಕುಲುಕಿ ಹೋದಳು. ಬ್ರಾಂಟ್ ಲೋಟ ಎತ್ತಿ ತೋರಿಸಿದ.

ಡಿಸೆಂಬರ್ ಹತ್ತರಿಂದ ನೊಯೆಮಿ ಬರಲಿಲ್ಲ. ಮನೆಯ ಫೋನು ಯಾರೂ ಎತ್ತಲಿಲ್ಲ. ರಜೆ ಕಳೆದು ಶಾಲೆ ತೆರೆದ ಮೇಲೂ ಬರಲಿಲ್ಲ. ಬರೆದು ತಿಳಿಸದೆ ಹದಿನೈದು ಶಾಲಾ ದಿನ ಸತತ ಬಾರದಿದ್ದರೆ ಹೆಸರು ತೆಗೆಯಬೇಕೆಂಬುದು ನಿಯಮ. ಹೋಗುವ ಮುನ್ನ ಒಂದು ಹಾಳೆ ತುಂಬಿಕೊಟ್ಟರೆ ಮೂವತ್ತು ಶಾಲಾ ದಿನ, ಗಣಿತದ್ದೂ ಸೇರಿ, ಎಲ್ಲ ಜಾಗವನ್ನೂ ಕಾಯ್ದಿಡುತ್ತಾರೆ. ಹಬ್ಬಕ್ಕೆ ಮೆಕ್ಸಿಕೋಗೆ ಹೋಗುವ ಮನೆಗಳಿಗೆಂದೇ ಆ ಹಾಳೆಯನ್ನು ಸ್ಪ್ಯಾನಿಷಿನಲ್ಲೂ ಅಚ್ಚು ಹಾಕಿಸಿದ್ದರು. ಅದು ಅರ್ಲಿಸ್‌ಳ ಎಡಗಡೆಯ ಡ್ರಾಯರಿನಲ್ಲಿ ಇತ್ತು. ಹದಿನಾರನೇ ದಿನ ಅವಳೇ ನೊಯೆಮಿಯ ಹೆಸರಿನ ಮೇಲೆ ಗೆರೆ ಎಳೆದಳು. ಗಣಿತದ ಜಾಗ ಕಾಯುವವರ ಪಟ್ಟಿಯಲ್ಲಿ ಮೊದಲಿದ್ದ ಬೇರೆ ಶಾಲೆಯ ಮಗುವಿಗೆ ಹೋಯಿತು. ಗೆರೆ ಎಳೆಯುವಾಗ ಅವಳಿಗೆ ಕೌಂಟರಿನ ಆ ಮೂರು ನಿಮಿಷ ನೆನಪಾಯಿತು. ನೆನಪಾಗಲಿಲ್ಲ ಎಂದು ಅವಳು ಮುಂದೆ ಎಂದೂ ಹೇಳಿಕೊಳ್ಳಲಿಲ್ಲ.

ಜನವರಿ ಕೊನೆಗೆ ತಾಯಿ ಮಗಳು ಬಂದರು. ಹೆಸರನ್ನು ಮತ್ತೆ ಬರೆದುಕೊಳ್ಳುವುದು ಕಷ್ಟವಿರಲಿಲ್ಲ. ಗಣಿತದ ಜಾಗ ಹೋಗಿದೆ ಎಂದಾಗ ಎರ್ಮೀನಿಯಾ ಕದಲದೆ ನಿಂತಳು. ಬ್ರಾಂಟ್ ಅವರನ್ನು ತನ್ನ ಕೋಣೆಗೆ ಕರೆದ. ಅರ್ಲಿಸ್‌ಳನ್ನೂ ಕರೆದ. ನಡುವೆ ನೊಯೆಮಿ, ಕೈ ಹಿಂದೆ ಕಟ್ಟಿಕೊಂಡು.

"ಅಮ್ಮ ಹೇಳ್ತಿದಾಳೆ," ಎಂದಳು ನೊಯೆಮಿ. "ಹೋಗೋ ಮುಂಚೆ ಬಂದು ಈ ಸೆನ್ಯೋರಾಗೆ, ಈ ಮೇಡಂಗೆ, ಎಲ್ಲಾ ಹೇಳಿದೆ. ಮೆಕ್ಸಿಕೋದಲ್ಲಿರೋ ಅಜ್ಜಿಗೆ ಕಣ್ಣು ಹೋಗ್ತಾ ಇದೆ, ಪೂರ್ತಿ ಹೋಗೋದ್ರೊಳಗೆ ಕೂಸನ್ನ ತೋರಿಸಬೇಕಿತ್ತು. ಗಣಿತದ ಜಾಗ ಇರತ್ತಾ, ಏನಾದ್ರೂ ಸಹಿ ಹಾಕಬೇಕಾ ಅಂತ ಕೇಳಿದೆ. ಏನೂ ತೊಂದರೆ ಇಲ್ಲ ಅಂದ್ರು."

ಬ್ರಾಂಟ್ ಒಳ್ಳೆಯ ಮನುಷ್ಯ. ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

"ನೋಡು ನೊಯೆಮಿ, ಅಮ್ಮಂಗೆ ಇದನ್ನ ಹೇಳು. ತಪ್ಪು ನಮ್ಮದಾಗಿದ್ರೆ ನಾನೇ ಮಂಡಳಿಗೆ ಬರೆದು ಏಳನೇ ಜಾಗ ಕೇಳ್ತೀನಿ. ಕೊಡ್ತಾರೆ. ಹೇಳದೆ ಹೋಗಿದ್ರೆ ಮಾತ್ರ ನನ್ನ ಕೈಲಿ ಏನೂ ಇಲ್ಲ." ಆಮೇಲೆ ತಿರುಗಿದ. "ಅರ್ಲಿಸ್, ಅವರು ನಿಮಗೆ ಹೇಳಿದ್ರಾ?"

ಹೇಳಿರಬಹುದು, ನನಗೆ ಅರ್ಥವಾಗಲಿಲ್ಲ. ಅಷ್ಟು ಹೇಳಿದ್ದರೆ ಸಾಕಿತ್ತು. ಅವಳ ಕೆಲಸ ಹೋಗುತ್ತಿರಲಿಲ್ಲ. ಬ್ರಾಂಟ್ ಬೈಯುತ್ತಲೂ ಇರಲಿಲ್ಲ, ಬಹಳವೆಂದರೆ ನಗುತ್ತಿದ್ದ. ಬರ್ನೀಸ್ ನಾಲ್ಕು ದಿನ ರೇಗಿಸುತ್ತಿದ್ದಳು. ಇಷ್ಟರಿಂದ ತಪ್ಪಿಸಿಕೊಳ್ಳಲು ಅರ್ಲಿಸ್ ಹೀಗೆಂದಳು:

"ಬಂದಿದ್ರು. ಹಬ್ಬದ ಮಾತಾಡಿದ್ರು, ಮಗು ತೋರಿಸಿದ್ರು. ಊರಿಗೆ ಹೋಗೋ ವಿಷಯ ನನ್ನ ಹತ್ರ ಎತ್ತಲಿಲ್ಲ."

"ಬೋರ್ಡೇ ಹಾಕಿದೀವಲ್ಲ," ಎಂದ ಬ್ರಾಂಟ್ ಮೆತ್ತಗೆ. "ಹೇಳಿದ್ರೆ ಅರ್ಲಿಸ್‌ಗೆ ತಿಳೀದೆ ಹೋಗ್ತಿತ್ತಾ. ಹೇಳಮ್ಮ ಅವರಿಗೆ."

ನೊಯೆಮಿ ತಾಯಿಯ ಕಡೆ ತಿರುಗಿ ಹೇಳಿದಳು. ಎಂದಿನಂತೆ ನಿಖರವಾಗಿಯೇ ಹೇಳಿರಬೇಕು. ತಾಯಿ ಮಗಳನ್ನೇ ನೋಡುತ್ತ ಏನೋ ಕೇಳಿದಳು, ಸಣ್ಣ ದನಿಯಲ್ಲಿ. ನೊಯೆಮಿ ಅದಕ್ಕೆ ಸರಕ್ಕನೆ ಏನೋ ಉತ್ತರ ಕೊಟ್ಟಳು.

"ಏನಂದ್ರು?" ಎಂದ ಬ್ರಾಂಟ್.

"ಏನಿಲ್ಲ," ಎಂದಳು ನೊಯೆಮಿ. ಆ ಹುಡುಗಿ ಒಂದು ಮಾತನ್ನು ದಾಟಿಸದೆ ಬಿಟ್ಟದ್ದು ಅದೇ ಮೊದಲು.

ಜೂನ್‌ವರೆಗೆ ನೊಯೆಮಿ ಅದೇ ಶಾಲೆಯಲ್ಲಿದ್ದಳು. ಬೇರೆ ತಾಯಂದಿರು ಬಂದಾಗ ಕರೆಸಿದರೆ ಬಂದಳು, ಹೇಳಿದ್ದನ್ನು ಹೇಳಿದಳು, ಹೋದಳು. ಅವಳ ತಾಯಿ ಮಾತ್ರ ಮತ್ತೆ ಒಬ್ಬಳೇ ಬರಲಿಲ್ಲ.

ಆ ಬೇಸಿಗೆಯಲ್ಲಿ ಅರ್ಲಿಸ್ ಟ್ರೀನಿಗೆ ಫೋನು ಮಾಡಿದಳು. ಉತ್ತರಗಳನ್ನು ಕಲಿಯಬೇಕು ಎಂದಳು. ಟ್ರೀನಿ ಯಾಕೆಂದು ಕೇಳಲಿಲ್ಲ. ಐದು ವರ್ಷ ಪ್ರತಿ ಭಾನುವಾರ ಮಧ್ಯಾಹ್ನ ಟ್ರೀನಿಯ ಅಡುಗೆಮನೆಯಲ್ಲಿ ಕೂತಳು. ಟ್ರೀನಿಯ ಅತ್ತೆಯಂದಿರು ಮೂವರು ಒಟ್ಟಿಗೇ ಮಾತಾಡುತ್ತಿದ್ದರು. ಅರ್ಲಿಸ್ ಬೀನ್ಸ್ ಆರಿಸುತ್ತ ಕೇಳುತ್ತಿದ್ದಳು. ತಿಳಿಯದಾಗ ಕೈ ಎತ್ತುತ್ತಿದ್ದಳು.

"ಮತ್ತೆ ಕೈ ಎತ್ತಿದಳು ನೋಡೇ, ಪೋಲೀಸಿನೋಳು," ಎನ್ನುತ್ತಿದ್ದಳು ದೊಡ್ಡತ್ತೆ. "ಒಂದು ಕಥೆ ಮುಗಿಸೋಕೆ ಬಿಡಲ್ಲ ಇವಳು."

ಭಾಷೆ ಬಂತು. ನಿಜವಾಗಿಯೇ ಬಂತು. ಮಂಡಳಿ ಹೊಸಬರಿಗೆ ಕಲಿಸಲು ಅವಳನ್ನೇ ಕಳಿಸತೊಡಗಿತು. ಅರ್ಥವಾಗದ ಮಾತಿಗೆ ಹೌದು ಎನ್ನಬೇಡಿ ಎಂದು ಪ್ರತಿ ತರಗತಿಯಲ್ಲೂ ಮೊದಲು ಹೇಳುತ್ತಿದ್ದಳು. ಯಾಕೆಂದು ಹೇಳುತ್ತಿರಲಿಲ್ಲ. ಎಷ್ಟೋ ಸಲ ಕೂತು ಎರ್ಮೀನಿಯಾಳ ಆ ಮೂರು ನಿಮಿಷದ ಮಾತನ್ನು ನೆನಪಿನಿಂದ ಹೊರತೆಗೆದು ಈಗ ತಿಳಿದುಕೊಳ್ಳಲು ನೋಡಿದಳು. ಆಗಲಿಲ್ಲ. ಆವತ್ತು ಅವಳು ಕಿವಿಗೊಟ್ಟು ಕೇಳಿಯೇ ಇರಲಿಲ್ಲ. ಅಲ್ಲಿ ತೆಗೆಯಲು ಏನೂ ಉಳಿದಿರಲಿಲ್ಲ.

ಎರಡು ಸಾವಿರದ ಮೂರರಲ್ಲಿ ಎರ್ಮೀನಿಯಾ ಚಿಕ್ಕ ಮಗನನ್ನು ಶಾಲೆಗೆ ಸೇರಿಸಲು ಬಂದಳು. ಕಾಗದಗಳನ್ನು ತುಂಬಿಯೇ ತಂದಿದ್ದಳು. ಅರ್ಲಿಸ್ ಕೌಂಟರಿನ ಹೊರಗೆ ಬಂದು, ಅವಳ ಭಾಷೆಯಲ್ಲಿ, ತಡೆಯದೆ ಹೇಳಿದಳು:

"ಸೆನ್ಯೋರಾ, ಆವತ್ತು ನೀವು ಹೇಳಿದ್ದು ನನಗೆ ಅರ್ಥವಾಗಿರಲಿಲ್ಲ. ಅದನ್ನ ಒಪ್ಪಿಕೊಳ್ಳಲಿಲ್ಲ. ಸುಳ್ಳು ಹೇಳ್ದೆ."

ಎರ್ಮೀನಿಯಾ ಇಂಗ್ಲಿಷಿನಲ್ಲಿ ಉತ್ತರಿಸಿದಳು. ಒಂದೊಂದು ಪದವನ್ನೂ ಇಟ್ಟು ಇಟ್ಟು ಮಾತಾಡಿದಳು.

"ನನಗೆ ಆವತ್ತೇ ಗೊತ್ತು. ನನಗ್ಯಾಕೆ ಹೇಳ್ತೀರಿ? ನನ್ನ ಮಗಳಿಗೆ ಹೇಳಿ. ಅವಳು ನಿಮ್ಮನ್ನ ನಂಬಿದಳು, ನನ್ನನ್ನಲ್ಲ."

"ಹೇಳ್ತೀನಿ," ಎಂದಳು ಅರ್ಲಿಸ್.

"ಸರಿ. ಸಹಿ ಎಲ್ಲಿ ಹಾಕ್ಲಿ?"

ನೊಯೆಮಿಗೆ ಆಗ ಹದಿನೈದು. ಅವಳ ಶಾಲೆ ನಾಲ್ಕು ಬೀದಿ ಆಚೆ. ನಡೆದರೆ ಹತ್ತು ನಿಮಿಷ. ಅರ್ಲಿಸ್ ಹೋಗಲಿಲ್ಲ. ಹುಡುಗಿ ಗೆಳತಿಯರಿಗೆ ಹೇಳುತ್ತಾಳೆ, ಅದು ಬ್ರಾಂಟ್‌ನ ಕಿವಿಗೆ ಬೀಳುತ್ತದೆ, ಮಂಡಳಿಗೆ ಹೋಗುತ್ತದೆ. ಭಾಷೆ ಕಲಿಸುವವಳೇ ಹೀಗೆ ಎಂದಾಗುತ್ತದೆ. ಪರೀಕ್ಷೆ ಮುಗಿಯಲಿ, ಬೇಸಿಗೆ ಬರಲಿ, ಹುಡುಗಿ ಸ್ವಲ್ಪ ದೊಡ್ಡವಳಾಗಲಿ ಎಂದು ಒಂದೊಂದು ವರ್ಷಕ್ಕೆ ಒಂದೊಂದು ಕಾರಣ ಸಿಕ್ಕಿತು. ನೊಯೆಮಿ ಶಾಲೆ ಮುಗಿಸಿ ಊರು ಬಿಟ್ಟಳು. ಬೀದಿಯಲ್ಲಿ ಸಿಕ್ಕಾಗ ಎರ್ಮೀನಿಯಾ ತಲೆ ಬಾಗಿಸುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಅರ್ಲಿಸ್ ನಿವೃತ್ತಳಾದ ದಿನ ಬ್ರಾಂಟ್ ಭಾಷಣ ಮಾಡಿದ. ಈ ಊರಿನ ತಾಯಂದಿರಿಗೆ ಶಾಲೆಯಲ್ಲಿ ಕಿವಿಯಾಗಿದ್ದವರು ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಕೇಕಿನ ತಟ್ಟೆಯನ್ನು ಮುಟ್ಟದೆ ಕೆಳಗಿಟ್ಟಳು.

ಮುಂದಿನ ವಸಂತದಲ್ಲಿ ಅವಳು ಎರಡು ಗಂಟೆ ಕಾರು ಓಡಿಸಿಕೊಂಡು ನೊಯೆಮಿ ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ಹೋದಳು. ನೊಯೆಮಿ ಅಲ್ಲಿ ರೋಗಿಗಳಿಗೂ ಡಾಕ್ಟರುಗಳಿಗೂ ನಡುವೆ ದುಭಾಷಿ. ಇಪ್ಪತ್ಮೂರು ವರ್ಷ. ಕುತ್ತಿಗೆಯಲ್ಲಿ ಗುರುತಿನ ಚೀಟಿ. ಕ್ಯಾಂಟೀನಿನಲ್ಲಿ ಎದುರು ಕೂತಳು.

"ಮಿಸಸ್ ಪೊಕಾರ್ನಿ, ಫೋನಲ್ಲಿ ಏನೋ ಹೇಳ್ಬೇಕು ಅಂದ್ರಿ. ನನಗೆ ಇಪ್ಪತ್ತು ನಿಮಿಷ ಇದೆ."

ಅರ್ಲಿಸ್‌ಗೆ ಐದು ನಿಮಿಷ ಸಾಕಾಯಿತು. ಸಮಜಾಯಿಷಿ ಏನೂ ಸೇರಿಸಲಿಲ್ಲ. ನೊಯೆಮಿ ನಡುವೆ ಬಾಯಿ ಹಾಕದೆ ಕೇಳಿದಳು. ಕೇಳುವುದು ಅವಳ ಕಸುಬೇ ಆಗಿತ್ತು.

"ಗಣಿತ ಹೋಯ್ತು ಅಂತ ನಾನು ಯಾವತ್ತೋ ಮರೆತೆ," ಎಂದಳು ಕೊನೆಗೆ. "ಆವತ್ತು ಆ ಕೋಣೇಲಿ ಅಮ್ಮ ನನ್ನ ಒಂದು ಮಾತು ಕೇಳಿದಳು. 'ನಾನು ಹೇಳಲಿಲ್ಲ ಅಂತ ನೀನೂ ಅಂತೀಯಾ?' ಅಂತ. ನಾನು ಏನಂದೆ ಗೊತ್ತಾ? 'ಅವರು ಯಾಕೆ ಸುಳ್ಳು ಹೇಳ್ತಾರೆ?' ಅಂದೆ."

ನೊಯೆಮಿ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಆಮೇಲೆ ಅದು ಮನೇಲಿ ಒಂದು ಮಾತಾಗಿಹೋಯ್ತು. ಅಮ್ಮ ಮನೆ ಓನರಿಗೆ ಹೇಳಿದೀನಿ ಅಂದ್ರೆ, 'ಸ್ಕೂಲಿಗೆ ಹೇಳಿದ್ಯಲ್ಲ, ಹಾಗಾ?' ಅನ್ನೋದು. ಡಾಕ್ಟರಿಗೆ ಹೇಳ್ದೆ ಅಂದ್ರೂ ಅದೇ. ನಾನು ಶುರು ಮಾಡಿದ್ದು, ತಮ್ಮನೂ ಕಲಿತ. ಅವಳೂ ನಗ್ತಿದ್ದಳು. ಒಂದಿನ ನಗೋದು ಬಿಟ್ಟಳು. ಆಮೇಲೆ ನಮಗೆ ಏನೂ ಹೇಳೋದನ್ನೇ ಬಿಟ್ಟಳು."

"ನಾನು ಬಂದು ನಿಮ್ಮಿಬ್ಬರ ಮುಂದೆ ಹೇಳ್ತೀನಿ. ಯಾವತ್ತು ಬೇಕಾದ್ರೂ."

"ಅವಳಿಗೆ ಗೊತ್ತಿರೋದನ್ನ ನೀವು ಅವಳಿಗೇನು ಹೇಳ್ತೀರಿ?" ನೊಯೆಮಿಯ ದನಿ ಏರಲಿಲ್ಲ. "ಈಗ ಕ್ಷಮೆ ಕೇಳಬೇಕಾಗಿರೋಳು ನಾನು. ಅದನ್ನೂ ನನ್ನ ತಲೆಗೇ ಕಟ್ಟಿದ್ರಿ. ನನಗೆ ಹದಿನೈದಾಗಿದ್ದಾಗಲೇ ಹೇಳ್ತೀನಿ ಅಂತ ಅವಳಿಗೆ ಮಾತು ಕೊಟ್ಟಿದ್ದೆ ಅಂದ್ರಲ್ಲ. ಆಗ ನಾನಿನ್ನೂ ಅವಳ ಮನೇಲೇ ಇದ್ದೆ, ಮಿಸಸ್ ಪೊಕಾರ್ನಿ. ದಿನಾ ಒಂದೇ ಮೇಜಲ್ಲಿ ಊಟ ಮಾಡ್ತಿದ್ವಿ."

ಸೊಂಟದಲ್ಲಿದ್ದ ಪೇಜರು ಸದ್ದು ಮಾಡಿತು. ಯಾವುದೋ ವಾರ್ಡಿನಲ್ಲಿ ಯಾರೋ ಕಾಯುತ್ತಿದ್ದರು. ನೊಯೆಮಿ ಎದ್ದು, ಇಬ್ಬರ ಲೋಟಗಳನ್ನೂ ತಾನೇ ತೆಗೆದುಕೊಂಡು ಹೋಗಿ ತೊಟ್ಟಿಗೆ ಹಾಕಿದಳು. ಅಮ್ಮನಿಗೆ ಫೋನು ಮಾಡುತ್ತೇನೆ ಎಂದಳು. ಹೇಗೆ ಶುರು ಮಾಡಬೇಕೋ ಗೊತ್ತಿಲ್ಲ ಎಂದೂ ಹೇಳಿದಳು. ಅದನ್ನು ಅವಳು ಅರ್ಲಿಸ್‌ಗೆ ಹೇಳಿದಳೋ ತನಗೆ ತಾನೇ ಹೇಳಿಕೊಂಡಳೋ ತಿಳಿಯುವಂತಿರಲಿಲ್ಲ.

ಫೋನು ಹೋಯಿತೇ, ಹೋದರೆ ಆ ತಾಯಿ ಏನೆಂದಳು ಎಂಬುದು ಅರ್ಲಿಸ್‌ಗೆ ತಿಳಿಯಲಿಲ್ಲ. ಲಾರ್ಕಿನ್‌ನ ಅಂಗಡಿಯಲ್ಲಿ ಎರ್ಮೀನಿಯಾ ಆಮೇಲೆಯೂ ಸಿಗುತ್ತಿದ್ದಳು. ಇಬ್ಬರೂ ಹವೆಯ ವಿಷಯ ಮಾತಾಡುತ್ತಿದ್ದರು, ಇಂಗ್ಲಿಷಿನಲ್ಲಿ. ಕೇಳಿದರೆ ಒಂದು ಉತ್ತರ ಬರಬಹುದಿತ್ತು. ಆ ಉತ್ತರ ಯಾವ ಭಾಷೆಯಲ್ಲಿ ಬಂದರೂ ಅರ್ಲಿಸ್‌ಗೆ ಈಗ ಪೂರ್ತಿ ಅರ್ಥವಾಗುತ್ತಿತ್ತು. ಅವಳು ಕೇಳಲಿಲ್ಲ.